ಮಸ್ಟಾಂಗ್ ಜಿಟಿ: ಇಂಟೇಕ್ ಕಿಟ್ ಹಾಕಿ ಟ್ಯೂನ್ ಮಾಡಿದ ಮ್ಯಾಲೆ ಐಡಲ್ ನಿಲ್ಲವಲ್ದು, ಪಿ0171 ಮತ್ತ ಪಿ0174 ಬರಾಕತ್ತಾವು

ಕುಂದಾನಗರಿ_ವಿ8 (ಬೆಳಗಾವಿ):

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ 2017ರ ಮಸ್ಟಾಂಗ್ ಜಿಟಿ, 5.0 ವಿ8, ಆಟೋಮ್ಯಾಟಿಕ್, ಇಲ್ಲೇ ಇಂಡಿಯಾದಾಗ ಮಾರಿದ್ದು. ಮೊನ್ನೆ ಇದಕ್ಕ ಕೋಲ್ಡ್ ಏರ್ ಇಂಟೇಕ್ ಕಿಟ್ (ಇಂಜಿನ್ನಿಗೆ ಗಾಳಿ ತರೂ ಟ್ಯೂಬು, ಫಿಲ್ಟರ್) ತರಿಸಿ ಹಾಕಿಸೇನಿ, ಜೊತಿಗಿ ಒಬಿಡಿ ಪೋರ್ಟಿಗೆ (ಇಂಜಿನ್ ಕಂಪ್ಯೂಟರಿನ ಪರೀಕ್ಷಾ ಸಾಕೆಟ್ಟಿಗೆ) ಹಚ್ಚೂ ಹ್ಯಾಂಡ್‌ಹೆಲ್ಡ್ ಟ್ಯೂನರ್ ಬಂದಿತ್ತು. ಮೊದಲ ಇಂಜಿನ್ ಕಂಪ್ಯೂಟರಿನ ಸ್ಟಾಕ್ (ಗಾಡಿ ಜೊತಿ ಬಂದ) ಫೈಲ್ ಓದಿಸಿ ಟ್ಯೂನ್ ಮಾಡೂ ಅಮೇರಿಕಾದ ಕಂಪನಿಗೆ ಕಳಿಸಿದ್ವಿ, ಅವ್ರು ನಮ್ಮ ಗಾಡಿ ಸ್ಟ್ರಾಟಜಿ ಕೋಡಿಗೆ (ಕಂಪ್ಯೂಟರ್ ಪ್ರೋಗ್ರಾಮಿನ ಗುರುತಿಗೆ) ಹೊಂದೂ ಹಂಗ ಟ್ಯೂನ್ ಮಾಡಿ ಮೇಲ್ ಮಾಡಿದ್ರು, ಬ್ಯಾಟರಿಗೆ ಚಾರ್ಜರ್ ಹಚ್ಚಿಟ್ಟು ಫ್ಲ್ಯಾಶ್ ಮಾಡಿದ್ವಿ, ಅದೆಲ್ಲಾ ಸುಸೂತ್ರ ಆತು.

ಹೈವೇದಾಗ ಗಾಡಿ ಹುಲಿ ಹಂಗ ಹೊಂಟೈತಿ, ವಂಟಮೂರಿ ಘಾಟ್ ಏರೂಮುಂದ ಆ ಸೌಂಡ್ ಕೇಳಿದ್ರ ರೊಕ್ಕ ವಸೂಲ್ ಅನಸ್ತೈತಿ. ಆದ್ರ ಊರಾಗ ಬಂದ್ರ ತ್ರಾಸು. ಚೆನ್ನಮ್ಮ ಸರ್ಕಲ್ ಸಿಗ್ನಲಿಗೆ ನಿಂತ್ರ ಐಡಲ್ (ಆಕ್ಸಿಲರೇಟರ್ ಒತ್ತದ ಇದ್ದಾಗಿನ ಇಂಜಿನ್ ಓಟ) ಏರೂದು ಇಳಿಯೂದು ಮಾಡ್ತೈತಿ, ಎಸಿ ಇದ್ದಾಗ ಬ್ರೇಕ್ ಒತ್ತಿ ನಿಲ್ಲಿಸಿದ್ರ ಆಗಾಗ ಬಂದ್ ಬೀಳ್ತೈತಿ. ಚೆಕ್ ಇಂಜಿನ್ ಲೈಟ್ ಬಂದೈತಿ, ಕೋಡ್ ಪಿ0171 ಮತ್ತ ಪಿ0174, ಅಂದ್ರ ಎರಡೂ ಬ್ಯಾಂಕ್ (ಸಿಲಿಂಡರ್ ಸಾಲು) ಲೀನ್, ಗಾಳಿ ಹೆಚ್ಚು ಪೆಟ್ರೋಲ್ ಕಡಿಮಿ. ಕಿಟ್ ಹಾಕಿದ ಗ್ಯಾರೇಜಿನವ್ರು ಟ್ಯೂನ್ ಸರಿ ಇಲ್ಲ ಅಂತಾರ, ಟ್ಯೂನ್ ಕೊಟ್ಟವ್ರು ಫಿಟ್ಟಿಂಗ್ ನೋಡ್ರಿ ಅಂತಾರ. ಯಾರ ಮಾತು ಕೇಳಬೇಕು ತಿಳಿವಲ್ದು. ದಯಮಾಡಿ ದಾರಿ ತೋರಸ್ರಿ.

ಗುಮ್ಮಟ_ರೈಡರ್ (ವಿಜಯಪುರ):

ಅಣ್ಣಾರ, ಎಂಎಎಫ್ ಸೆನ್ಸರ್ (ಒಳಗ ಹೋಗೂ ಗಾಳಿ ಅಳಿಯೂದು) ಒಮ್ಮಿ ಸ್ವಚ್ಛ ಮಾಡಿಸ್ರಿ. ಹೊಸ ಫಿಲ್ಟರ್ ಎಣ್ಣಿ ಹಚ್ಚಿದ್ದು ಇದ್ರ ಆ ಎಣ್ಣಿ ಹಾರಿ ಸೆನ್ಸರಿನ ಬಿಸಿ ತಂತಿಗೆ ಕೂಡ್ತೈತಿ, ಅದರ ಮ್ಯಾಲೆ ನಮ್ಮ ಕಡಿ ಧೂಳು ಹತ್ತತೈತಿ, ಆಮ್ಯಾಲೆ ಅದು ಇದ್ದ ಗಾಳಿಗಿಂತ ಕಡಿಮಿ ತೋರಸ್ತೈತಿ. ಎಂಎಎಫ್ ಕ್ಲೀನರ್ ಸ್ಪ್ರೇ ಅಂತ ಬ್ಯಾರೇನ ಸಿಗ್ತೈತಿ, ಅದನ್ನ ಹೊಡೀರಿ, ಬಟ್ಟಿ ಗಿಟ್ಟಿ ತಂದು ತಿಕ್ಕಬ್ಯಾಡ್ರಿ, ತಂತಿ ಹರೀತೈತಿ. ಇಲ್ಲಾಂದ್ರ ಟ್ಯೂನ್‌ದವ್ರಿಗೆ ಹೇಳಿ ಐಡಲಿಗೆ ಪೆಟ್ರೋಲ್ ಸ್ವಲ್ಪ ಹೆಚ್ಚ ಮಾಡಸ್ರಿ, ಮುಗೀತು.

ನವನಗರ_ಟ್ಯೂನಿಂಗ್ (ಬಾಗಲಕೋಟೆ):

ಗುಮ್ಮಟ ಅವ್ರ ಹೇಳಿದ ಕ್ಲೀನಿಂಗ್ ಖರೇ, ಮಾಡಿದ್ರ ನಷ್ಟ ಇಲ್ಲ. ಆದ್ರ ಟ್ಯೂನ್‌ನ್ಯಾಗ ಪೆಟ್ರೋಲ್ ಹೆಚ್ಚ ಮಾಡಸೂದು ಈಗ ಬ್ಯಾಡ್ರಿ. ಎಲ್ಲರ ಗಾಳಿ ಸೋರಾಕತ್ತಿದ್ರ ಅದನ್ನ ಟ್ಯೂನಿನಿಂದ ಮುಚ್ಚಿದಂಗ ಆಗ್ತೈತಿ, ನಾಳೆ ಆ ಸೋರಿಕಿ ತಾನ ಹೆಚ್ಚ ಕಡಿಮಿ ಆತಂದ್ರ ಗಾಡಿ ಮತ್ತ ಕೆಡ್ತೈತಿ, ಆವಾಗ ಯಾವುದು ಟ್ಯೂನಿಂದು ಯಾವುದು ಫಿಟ್ಟಿಂಗಿಂದು ಅಂತ ದೇವರಿಗೂ ತಿಳಿಯೂದಿಲ್ಲ.

ಮೊದಲ ನಂಬರ್ ಕೊಡ್ರಿ. ಇಂಜಿನ್ ಪೂರ್ತಿ ಬಿಸಿ ಆದ ಮ್ಯಾಲೆ, ಎಸಿ ಬಂದ್ ಮಾಡಿ, ಪಾರ್ಕಿನ್ಯಾಗ ಇಟ್ಟು, ಲಾಂಗ್ ಟರ್ಮ್ ಮತ್ತ ಶಾರ್ಟ್ ಟರ್ಮ್ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ತಾನ ಪೆಟ್ರೋಲ್ ಎಷ್ಟು ಪರ್ಸೆಂಟ್ ಹೆಚ್ಚು ಕಡಿಮಿ ಮಾಡಾಕತ್ತೈತಿ ಅನ್ನೂದು) ಎರಡೂ ಬ್ಯಾಂಕಿಂದು, ಜೊತಿಗಿ ಎಂಎಎಫ್ ಎಷ್ಟು ಗ್ರಾಂ ತೋರಸ್ತೈತಿ ಅದು. ಐಡಲ್‌ನ್ಯಾಗ ಒಮ್ಮಿ, 2500 ಆರ್‌ಪಿಎಂ ಹಿಡಿದು ಒಮ್ಮಿ. ಪೆಟ್ರೋಲ್ ಯಾವುದು ಹಾಕ್ತೀರಿ ಅದೂ ಹೇಳ್ರಿ. ಅಲ್ಲಿ ತನಕ ಪೂರ್ತಿ ಆಕ್ಸಿಲರೇಟರ್ ಒತ್ತಬ್ಯಾಡ್ರಿ ಮತ್ತ, ಲೀನ್ ಇದ್ದ ಇಂಜಿನ್ ಫುಲ್ ಥ್ರಾಟಲ್‌ನ್ಯಾಗ ಓಡಿಸಿದ್ರ ಪಿಸ್ಟನ್ನಿಗೆ ಪೆಟ್ಟು.

ಕುಂದಾನಗರಿ_ವಿ8:

ತಗೋರಿ ಸರ್. ಲಾಂಗ್ ಮತ್ತ ಶಾರ್ಟ್ ಕೂಡಿಸಿ ಬರದೀನಿ. ಐಡಲ್: ಬ್ಯಾಂಕ್ 1 ಪ್ಲಸ್ 21, ಬ್ಯಾಂಕ್ 2 ಪ್ಲಸ್ 20, ಎಂಎಎಫ್ ಸೆಕೆಂಡಿಗೆ 4.4 ಗ್ರಾಂ. 2500ಕ್ಕ: ಪ್ಲಸ್ 11, ಪ್ಲಸ್ 11, ಎಂಎಎಫ್ 14 ಗ್ರಾಂ ಸುತ್ತಮುತ್ತ. ಪೆಟ್ರೋಲ್ ಪಂಪಿನ್ಯಾಗ ಸಿಗೂ ಸಾದಾ ಇ20 (20 ಪರ್ಸೆಂಟ್ ಎಥೆನಾಲ್ ಕೂಡಿಸಿದ್ದು). ಟ್ಯೂನ್ ಫೈಲಿನ ಹೆಸರಿನ್ಯಾಗ 91 (ಆಕ್ಟೇನ್ ನಂಬರ್) ಅಂತ ಐತಿ, ನಮ್ಮ ಸಾದಾ ಪೆಟ್ರೋಲೂ 91 ಅಂತಾರ, ಹಂಗಾಗಿ ಅದ ಹಾಕೀನಿ. ಎಂಎಎಫ್ ಕ್ಲೀನ್ ಮಾಡಿಸಿದ್ನಿ, ಏನೂ ಫರಕ್ ಬೀಳಲಿಲ್ಲ.

ನವನಗರ_ಟ್ಯೂನಿಂಗ್:

ಈಗ ಮಾತಾಡಾಕ ಬರ್ತೈತಿ. ಸಾವಕಾಶ ಓದ್ರಿ, ಸ್ವಲ್ಪ ಉದ್ದ ಐತಿ.

ಎರಡೂ ಬ್ಯಾಂಕ್ ಸಮಾ ಸಮಾ ಅದಾವು, ಅಂದ್ರ ಒಂದ ಕಡಿ ಇಂಜೆಕ್ಟರ್, ಒಂದ ಕಡಿ ಆಕ್ಸಿಜನ್ ಸೆನ್ಸರ್, ಒಂದ ಕಡಿ ಎಕ್ಸಾಸ್ಟ್ ಲೀಕ್ ಇವೆಲ್ಲಾ ಬಿಟ್ಟಬಿಡ್ರಿ, ಕಾರಣ ಎರಡಕ್ಕೂ ಸೇರಿದ ಜಾಗಾದಾಗ ಐತಿ. ಐಡಲ್‌ನ್ಯಾಗ 21, ರೇಸ್ ಕೊಟ್ರ 11. ಫ್ಯೂಯಲ್ ಪಂಪ್ ಸೋತಿದ್ರ ಇದು ಉಲ್ಟಾ ಆಗಬೇಕಿತ್ತು, ಲೋಡ್ ಹೆಚ್ಚಾದಂಗ ಟ್ರಿಮ್ ಏರಬೇಕಿತ್ತು. ಟ್ಯೂನಿನೊಳಗಿನ ಎಂಎಎಫ್ ಲೆಕ್ಕ ಪೂರ್ತಿ ತಪ್ಪಿದ್ರ ಎಲ್ಲಾ ಕಡಿ ಹೆಚ್ಚು ಕಡಿಮಿ ಒಂದ ಅಂತರ ಇರ್ತಿತ್ತು. ಐಡಲ್‌ನ್ಯಾಗ ಹೆಚ್ಚಿದ್ದು ರೇಸಿಗೆ ಇಳೀತೈತಿ ಅಂದ್ರ ಸೆನ್ಸರ್ ಅಳತಿ ಮಾಡದ ಗಾಳಿ ಒಂದು ಗೊತ್ತಾದ ಪ್ರಮಾಣದಾಗ ಒಳಗ ಬರಾಕತ್ತೈತಿ. ಲೆಕ್ಕ ಹಾಕ್ರಿ: ಸೆಕೆಂಡಿಗೆ 0.6 ಗ್ರಾಂ ಕಳ್ಳ ಗಾಳಿ ಅಂತ ತಿಳಕೊಂಡ್ರ 4.4ಕ್ಕ ಅದು 13-14 ಪರ್ಸೆಂಟ್, 14ಕ್ಕ ಬರೇ 4 ಪರ್ಸೆಂಟ್. ನಿಮ್ಮ 21ರಾಗ 13 ತಗದ್ರ 8 ಉಳೀತೈತಿ, 11ರಾಗ 4 ತಗದ್ರ 7 ಉಳೀತೈತಿ. ಎರಡೂ ಕೂಡಿ ಬಂತು ನೋಡ್ರಿ. ಅಂದ್ರ ನಿಮ್ಮ ಗಾಡಿಗೆ ಎರಡು ಬ್ಯಾರೆ ಬ್ಯಾರೆ ರೋಗ ಅದಾವು, ಒಂದು ಸೋರಿಕಿ, ಇನ್ನೊಂದು ಎಲ್ಲಾ ಕಡಿ ಇರೂ 7-8. ಗ್ಯಾರೇಜಿನವ್ರು ಹೇಳಿದ್ದರಾಗೂ ಅರ್ಧ ಐತಿ, ಟ್ಯೂನ್‌ದವ್ರು ಹೇಳಿದ್ದರಾಗೂ ಅರ್ಧ ಐತಿ.

ಮೊದಲ ಸೋರಿಕಿ. ಭಾಳ ಮಂದಿ ಏನ್ ಮಾಡ್ತಾರ, ಇಂಟೇಕ್ ಟ್ಯೂಬಿನ ಕ್ಲಾಂಪ್ ಅಷ್ಟ ಬಿಗಿ ಮಾಡಿ ಬಿಡ್ತಾರ. ಎಂಎಎಫ್ ಮತ್ತ ಥ್ರಾಟಲ್ ನಡುವ ತೂತು ಇದ್ರ ಅದು ಸಾಮಾನ್ಯವಾಗಿ ಐಡಲ್‌ನ್ಯಾಗ ಅಷ್ಟ ಜೋರು ಕಾಣೂದಿಲ್ಲ, ಯಾಕಂದ್ರ ಅಲ್ಲಿ ವ್ಯಾಕ್ಯೂಮ್ ಇಲ್ಲ, ಹೊರಗಿನ ಗಾಳಿ ಒತ್ತಡಾನ ಇರ್ತೈತಿ, ಎಲ್ಲಾ ಆರ್‌ಪಿಎಂನ್ಯಾಗ ಹೆಚ್ಚು ಕಡಿಮಿ ಅದ ಪಾಲು ಸೋರ್ತೈತಿ. ಐಡಲಿಗೆ ಅಂತನ ಇಷ್ಟು ಬರಬೇಕಂದ್ರ ಮ್ಯಾನಿಫೋಲ್ಡ್ (ಥ್ರಾಟಲ್ ದಾಟಿದ ಮ್ಯಾಲೆ ಸಿಲಿಂಡರಿಗೆ ಗಾಳಿ ಹಂಚೂ ಭಾಗ) ವ್ಯಾಕ್ಯೂಮ್ ಎಳೀಬೇಕು. ಆದ್ರ ನೀವು ಮ್ಯಾನಿಫೋಲ್ಡ್ ಮುಟ್ಟೇ ಇಲ್ಲ. ಹಂಗಾದ್ರ ಇಂಟೇಕ್ ಟ್ಯೂಬಿಗೂ ಮ್ಯಾನಿಫೋಲ್ಡಿಗೂ ಸಂಬಂಧ ಇರೂದು ಯಾವುದು? ಕ್ರ್ಯಾಂಕ್‌ಕೇಸ್ ಉಸಿರಾಡೂ ಪೈಪು. ಈ ಇಂಜಿನ್ನಿಗೆ ಒಂದು ಕಡಿ ವಾಲ್ವ್ ಕವರಿನಿಂದ ಪಿಸಿವಿ (ಇಂಜಿನ್ ಒಳಗಿನ ಹವಾ ಎಳಿಯೂ) ಪೈಪು ಮ್ಯಾನಿಫೋಲ್ಡಿಗೆ ಹೋಗ್ತೈತಿ, ಇನ್ನೊಂದು ಕಡಿ ವಾಲ್ವ್ ಕವರಿನಿಂದ ಒಂದು ಪೈಪು ನಿಮ್ಮ ಇಂಟೇಕ್ ಟ್ಯೂಬಿಗೆ, ಎಂಎಎಫ್ ದಾಟಿದ ಮ್ಯಾಲೆ, ಬಂದು ಸೇರ್ತೈತಿ. ಮ್ಯಾನಿಫೋಲ್ಡ್ ಎಳದಷ್ಟು ಹೊಸಾ ಗಾಳಿ ಆ ಎರಡನೇ ಪೈಪಿನಿಂದ ಒಳಗ ಬರಬೇಕು, ಅದು ಎಂಎಎಫ್ ಅಳತಿ ಮಾಡಿದ ಗಾಳಿ ಆಗಿರಬೇಕು. ಆ ಪೈಪು ಹೊಸಾ ಟ್ಯೂಬಿಗೆ ಸರಿಯಾಗಿ ಕುಂತಿಲ್ಲ ಅಂದ್ರ ಅದು ಹೊರಗಿನ ಗಾಳಿ ಎಳೀತೈತಿ, ಇಂಜಿನ್ ಒಳಗಿಂದ ಹಾದು ಮ್ಯಾನಿಫೋಲ್ಡಿಗೆ ಹೋಗ್ತೈತಿ. ಸಪ್ಪಳ ಸುದ್ದಾ ಬರೂದಿಲ್ಲ.

ಪರೀಕ್ಷಾ ಸುಲಭ ಐತಿ. ಇಂಜಿನ್ ಐಡಲ್ ಇದ್ದಾಗ ಆಯಿಲ್ ಹಾಕೂ ಮುಚ್ಚಳ ಸಾವಕಾಶ ತಿರುವಿ ಎತ್ರಿ, ಬಿಸಿ ಇರ್ತೈತಿ, ಅರಿವಿ ಹಿಡ್ಕೋರಿ. ಎಲ್ಲಾ ಸರಿ ಇದ್ದ ಇಂಜಿನ್ನಿನ್ಯಾಗ ಮುಚ್ಚಳ ತಗದ್ರ ಐಡಲ್ ಅಲ್ಲಾಡ್ತೈತಿ, ಟ್ರಿಮ್ ಓಡ್ತೈತಿ. ನಿಮ್ಮದರಾಗ ಏನೂ ಫರಕ್ ಬೀಳಲಿಲ್ಲ ಅಂದ್ರ ಅಲ್ಲಿ ಮೊದಲ ಬಾಯಿ ತೆರದೈತಿ ಅಂತ ಅರ್ಥ. ಡಿಪ್‌ಸ್ಟಿಕ್ ಪೂರ್ತಿ ಕುಂತೈತಿಲ್ಲ ಅದೂ ನೋಡ್ರಿ, ಅದು ಎದ್ದಿದ್ರೂ ಇದ ರೋಗ. ಮತ್ತ ಸ್ಟಾಕ್ ಟ್ಯೂಬಿಗೆ ಕ್ಯಾಬಿನ್ ಕಡಿ ಹೋಗೂ ಒಂದು ಸೌಂಡ್ ಟ್ಯೂಬ್ ಇತ್ತು, ಹೊಸದರಾಗ ಆ ಜಾಗಾಕ್ಕ ಪ್ಲಗ್ ಕೊಟ್ಟಿದ್ರ ಅದು ಐತೋ ಇಲ್ಲೋ ಕೈಯಿಂದ ಮುಟ್ಟಿ ನೋಡ್ರಿ.

ಇನ್ನ ಆ ಉಳಿದ 7-8. ಪೆಟ್ರೋಲಿಗೆ ಪೂರ್ತಿ ಸುಡಾಕ ಒಂದು ಪಾಲಿಗೆ ಗಾಳಿ 14.7 ಪಾಲು ಬೇಕು, ಎಥೆನಾಲಿಗೆ 9 ಸಾಕು. ಇ10ಕ್ಕ ಇದು 14.1 ಆಗ್ತೈತಿ, ಇ20ಗೆ 13.5. ಅಮೇರಿಕಾದ ಪಂಪಿನ್ಯಾಗ ಸಾಮಾನ್ಯವಾಗಿ ಇ10 ಇರೂದರಿಂದ ಅಲ್ಲಿಂದ ಬಂದ ಟ್ಯೂನ್ 14.1 ಹಿಡಕೊಂಡ ಲೆಕ್ಕ ಹಾಕಿರ್ತೈತಿ. ನೀವು ಇ20 ಹಾಕಿದ ಕೂಡ್ಲೆ ಇಂಜಿನ್ 4-5 ಪರ್ಸೆಂಟ್ ಹೆಚ್ಚ ಪೆಟ್ರೋಲ್ ಕೇಳ್ತೈತಿ. ಉಳಿದ 2-3 ಎಂಎಎಫ್ ಹೌಸಿಂಗ್ ಲೆಕ್ಕದ್ದು. ಹೌಸಿಂಗ್ ವ್ಯಾಸ 5 ಪರ್ಸೆಂಟ್ ದೊಡ್ಡದಾದ್ರ ಬಾಯಿ 10 ಪರ್ಸೆಂಟ್ ದೊಡ್ಡದಾಗ್ತೈತಿ, ಅಷ್ಟ ಗಾಳಿ ಹೋದ್ರೂ ಸೆನ್ಸರ್ ಮುಂದ ಅದರ ವೇಗ ಕಡಿಮಿ, ಸೆನ್ಸರ್ ಗಾಳಿ ಕಡಿಮಿ ಐತಿ ಅಂತ ತಿಳೀತೈತಿ. ಇಂಥಾ ಕಿಟ್ಟಿಗೆ ಟ್ಯೂನ್ ಬೇಕಾಗೂದ ಇದಕ್ಕ. 2-3 ಉಳಿದ್ರ ಚಿಂತಿ ಇಲ್ಲ.

ಆಕ್ಟೇನ್ ವಿಷಯ ಮಾತ್ರ ದಯಮಾಡಿ ಇವತ್ತ ಬದಲಿ ಮಾಡ್ರಿ. ಟ್ಯೂನಿನ ಮ್ಯಾಲಿನ 91 ಅಮೇರಿಕಾ ಪಂಪಿನ ಲೆಕ್ಕ, ರಾನ್ ಮತ್ತ ಮಾನ್ (ಆಕ್ಟೇನ್ ಅಳಿಯೂ ಎರಡು ರೀತಿ) ಎರಡರ ಸರಾಸರಿ. ನಮ್ಮ ಕಡಿ ಹೇಳೂ 91 ಬರೇ ರಾನ್. ಅವರ 91 ಅಂದ್ರ ನಮ್ಮ 95 ರಾನ್ ಆಜುಬಾಜು. ನಮ್ಮ 91 ರಾನ್ ಅವರ 87. ಅಂದ್ರ ನೀವು ಹಾಕೂ ಪೆಟ್ರೋಲ್ 91 ರಾನ್ ಇದ್ರ ಅದು ಟ್ಯೂನ್ ಕೇಳಿದ್ದಕ್ಕಿಂತ ಕೆಳಗಿಂದು. ನಾಕ್ ಸೆನ್ಸರ್ (ಪೆಟ್ರೋಲ್ ಹೊತ್ತಿಗೆ ಮೊದಲ ತಾನ ಸಿಡಿದ್ರ ಹಿಡಿಯೂದು) ಕಿಡಿ ಟೈಮಿಂಗ್ ಹಿಂದ ತಗದು ಉಳಸ್ತೈತಿ ಖರೇ, ಆದ್ರ ಏಪ್ರಿಲ್ ಮೇ ಬಿಸಲಾಗ ಫುಲ್ ಲೋಡ್ ಕೊಟ್ಟು ಅದರ ಮ್ಯಾಲೆ ಭರವಸಿ ಇಡೂದು ನನಗ ಸರಿ ಅನಸೂದಿಲ್ಲ. 95ರ ಪ್ರೀಮಿಯಂ ಹಾಕ್ರಿ. 93 ಅಂತ ಬರದ ಟ್ಯೂನ್ ಯಾರರ ಕೊಟ್ರ ತಗೋಬ್ಯಾಡ್ರಿ, ಅದಕ್ಕ 97-98 ರಾನ್ ಬೇಕು.

ಗುಮ್ಮಟ_ರೈಡರ್:

ಆಯಿಲ್ ಮುಚ್ಚಳದ ಪರೀಕ್ಷಾ ನನಗ ಗೊತ್ತಿರಲಿಲ್ಲ, ಭಾರಿ ಐತಿ. ಒಂದು ಸಂಶಯ ಸರ್, ಬೆಳಗಾವಿ ಎತ್ತರದಾಗ ಐತಿ, 750 ಮೀಟರ್ ಹತ್ರ, ಗಾಳಿ ತೆಳು ಇರ್ತೈತಿ, ಅದಕ್ಕೂ ಲೀನ್ ಬರ್ತಿರಬಹುದಾ?

ನವನಗರ_ಟ್ಯೂನಿಂಗ್:

ಇಲ್ರಿ. ಎಂಎಎಫ್ ಗಾಳಿಯ ತೂಕಾನ ಅಳೀತೈತಿ, ಗಾಳಿ ತೆಳು ಇದ್ರ ಪೆಟ್ರೋಲೂ ಅಷ್ಟ ಕಡಿಮಿ ಬೀಳ್ತೈತಿ. ಎತ್ತರಕ್ಕ ಪವರ್ ಕಡಿಮಿ ಆಗ್ತೈತಿ, ಟರ್ಬೋ ಇಲ್ಲದ ಇಂಜಿನ್ನಿಗೆ ಅಲ್ಲಿ 7-8 ಪರ್ಸೆಂಟ್ ಹೋಗ್ತೈತಿ, ಟ್ರಿಮ್ ಏರೂದಿಲ್ಲ.

ಕುಂದಾನಗರಿ_ವಿ8:

ಸರ್, ಸಿಕ್ತು. ಮುಚ್ಚಳ ತಗದ್ರ ಐಡಲ್ ಕದಲಲಿಲ್ಲ. ಉದ್ಯಮಬಾಗದಾಗ ನಮ್ಮ ಕಾಕಾರ ಮಷೀನ್ ಶಾಪ್ ಐತಿ, ಅಲ್ಲಿ ನಿಲ್ಲಿಸಿ ಕನ್ನಡಿ ಬ್ಯಾಟರಿ ಹಿಡದು ನೋಡಿದ್ವಿ. ವಾಲ್ವ್ ಕವರಿನಿಂದ ಬರೂ ಆ ಪೈಪು ಹೊಸಾ ಟ್ಯೂಬಿನ್ಯಾಗ ಒಂದು ರಬ್ಬರ್ ಬಳಿಯಂಥಾ ಗ್ರೋಮೆಟ್‌ದಾಗ ಕೂಡ್ತೈತಿ, ಮ್ಯಾಲಿಂದ ನೋಡಿದ್ರ ಬರೊಬ್ಬರಿ ಕಾಣತಿತ್ತು, ಕೆಳಗಿನ ಕಡಿ ಗ್ರೋಮೆಟ್ಟಿನ ಅಂಚು ಒಳಗ ಮಡಚಿ ಹೋಗೈತಿ, ಬೆರಳಿಟ್ರ ಎಲ್ಬೋ (ಪೈಪಿನ ಬಾಗಿದ ತುದಿ) ತಾನ ತಿರುಗ್ತೈತಿ. ಸೌಂಡ್ ಟ್ಯೂಬಿನ ಪ್ಲಗ್ ಜಾಗಾದಾಗ ಐತಿ, ಡಿಪ್‌ಸ್ಟಿಕ್ಕೂ ಸರಿ ಐತಿ. ಕಾಕಾ ಅದಕ್ಕ ಸುತ್ತಲೂ ಸಿಲಿಕಾನ್ ಹಚ್ಚಿಬಿಡೂಣು ಅಂತಾರ, ಹಚ್ಚಬಹುದಾ?

ನವನಗರ_ಟ್ಯೂನಿಂಗ್:

ಬ್ಯಾಡ ಅಂತ ಹೇಳ್ರಿ ಕಾಕಾರಿಗೆ. ಸಾದಾ ಸಿಲಿಕಾನ್ ಒಣಗೂಮುಂದ ಬಿಡೂ ಹವಾ ಇಂಜಿನ್ ಒಳಗ ಹೋಗಿ ಆಕ್ಸಿಜನ್ ಸೆನ್ಸರ್ ಹಾಳ ಮಾಡ್ತೈತಿ, ಒಣಗಿದ ತುಣುಕು ಹರಿದು ಥ್ರಾಟಲಿಗೂ ಹೋಗಬಹುದು. ಗ್ರೋಮೆಟ್ ಪೂರ್ತಿ ಹೊರಗ ತಗೀರಿ, ಹರದೈತೇನು ನೋಡ್ರಿ. ಹರದಿಲ್ಲಂದ್ರ ಸಾಬೂನ ನೀರು ಹಚ್ಚಿ ಮೊದಲ ಬರೇ ಗ್ರೋಮೆಟ್ ಟ್ಯೂಬಿನ್ಯಾಗ ಕೂಡಸ್ರಿ, ಒಳಗ ಬೆರಳ ಹಾಕಿ ಅಂಚು ಸುತ್ತಲೂ ತೆರದೈತೇನು ಖಾತ್ರಿ ಮಾಡ್ಕೊಂಡು ಆಮ್ಯಾಲೆ ಎಲ್ಬೋ ಒತ್ರಿ. ಎರಡೂ ಕೂಡಿಸಿ ಒಮ್ಮಿಗೇ ಒತ್ತಿದ್ರನ ಮಡಚೂದು. ಆಮ್ಯಾಲೆ ಟ್ಯೂನರಿನಿಂದ ಕೋಡ್ ತಗದು ಹಳೇ ಟ್ರಿಮ್ ಅಳಸ್ರಿ, ಊರಾಗೂ ಹೈವೇದಾಗೂ ಸ್ವಲ್ಪ ಅಡ್ಯಾಡಿ ಮತ್ತ ನಂಬರ್ ಹಾಕ್ರಿ.

ಕುಂದಾನಗರಿ_ವಿ8:

ಗ್ರೋಮೆಟ್ ಛಲೋ ಇತ್ತು, ನೀವು ಹೇಳಿದಂಗ ಕೂಡಿಸಿದ್ವಿ. ಹತ್ತರಗಿ ಟೋಲ್ ತನಕ ಹೋಗಿ ಬಂದು ಊರಾಗ ಸುತ್ತಿ ನೋಡಿದ ಮ್ಯಾಲೆ ಐಡಲ್ ಪ್ಲಸ್ 8 ಮತ್ತ 8, ಎಂಎಎಫ್ 5 ಗ್ರಾಂ. 2500ಕ್ಕ ಪ್ಲಸ್ 7 ಮತ್ತ 7. ನೀವು ಬರದ ಲೆಕ್ಕ ಹಂಗ ಬಂದೈತಿ ಸರ್! ಎಸಿ ಹಾಕಿ ಸಿಗ್ನಲಿಗೆ ನಿಂತ್ರೂ ಬಂದ್ ಬೀಳವಲ್ದು, ಆಯಿಲ್ ಮುಚ್ಚಳ ಎತ್ತಿದ್ರ ಈಗ ಇಂಜಿನ್ ಒದ್ದಾಡ್ತೈತಿ. ಟ್ಯಾಂಕ್ ಖಾಲಿ ಮಾಡಿ 95 ಹಾಕೀನಿ. ಇದ ನಂಬರ್ ಮತ್ತ ಇ20 ಅಂತ ಟ್ಯೂನ್‌ದವ್ರಿಗೆ ಕಳಿಸ್ಲಾ?

ನವನಗರ_ಟ್ಯೂನಿಂಗ್:

ಕಳಸ್ರಿ, ಈಗ ಕಳಿಸಿದ್ರ ಅರ್ಥ ಐತಿ. ಸ್ಟಾಯ್ಕಿಯೋಮೆಟ್ರಿಕ್ ಬೆಲಿ (ಮ್ಯಾಲೆ ಹೇಳಿದ ಗಾಳಿ-ಪೆಟ್ರೋಲ್ ಪಾಲು) ಇ20ಗೆ ಹೊಂದಿಸಿ ಕೊಡ್ರಿ, 95 ರಾನ್ ಪೆಟ್ರೋಲ್, ಅಂತ ಇಷ್ಟ ಬರೀರಿ, ಲಾಗ್ ಫೈಲ್ ಹಚ್ರಿ. ಹೊಸಾ ಫೈಲ್ ಬಂದ ಮ್ಯಾಲೆ ಟ್ರಿಮ್ ಪ್ಲಸ್ ಮೈನಸ್ 5ರೊಳಗ ಬಂದ್ರ ಅದಕ್ಕ ಕೈ ಹಚ್ಚಬ್ಯಾಡ್ರಿ.

ಇನ್ನೊಂದು ಮಾತು. ಕಿಟ್ಟಿನ ಜೊತಿ ಬಂದ ಹೀಟ್ ಶೀಲ್ಡಿನ ಮ್ಯಾಲಿನ ರಬ್ಬರ್ ಪಟ್ಟಿ ಬಾನೆಟ್ಟಿಗೆ ಒತ್ತಿ ಕೂಡಬೇಕು. ಇಲ್ಲಾಂದ್ರ ಟ್ರಾಫಿಕ್ಕಿನ್ಯಾಗ ಫಿಲ್ಟರ್ ಇಂಜಿನ್ನಿನ ಬಿಸಿ ಗಾಳಿನ ಎಳೀತೈತಿ, ರೊಕ್ಕ ಕೊಟ್ಟು ಪವರ್ ಕಡಿಮಿ ಮಾಡಿಸಿದಂಗ. ಉದ್ಯಮಬಾಗ ಫೌಂಡ್ರಿ ಧೂಳು, ಕಬ್ಬಿನ ಸೀಸನ್ನಿನ್ಯಾಗ ಟ್ರ್ಯಾಕ್ಟರ್ ಹಿಂದಿನ ಧೂಳು ಭಾಳ, ಸರ್ವಿಸ್ ಬುಕ್ಕಿನ್ಯಾಗ ಬರದದ್ದಕ್ಕಿಂತ ಮೊದಲ ಫಿಲ್ಟರ್ ತೊಳೀರಿ, ಎಣ್ಣಿ ಹಚ್ಚೂದಿದ್ರ ತೆಳ್ಳಗ ಹಚ್ಚಿ ರಾತ್ರಿ ಪೂರ್ತಿ ಬಿಟ್ಟು ಮುಂಜಾನೆ ಹಾಕ್ರಿ. ಮಳಿಗಾಲದಾಗ ಚೋರ್ಲಾ ಘಾಟ್ ಇಳದು ಗೋವಾಕ್ಕ ಹೋಗೂದಿದ್ರ ರಸ್ತಾದ ಮ್ಯಾಲೆ ನಿಂತ ನೀರಾಗ ಗಾಡಿ ಇಳಸಬ್ಯಾಡ್ರಿ. ಇನ್ಶೂರೆನ್ಸಿನವ್ರಿಗೆ ಈ ಕಿಟ್ ಹಾಕಿಸೇನಿ ಅಂತ ಬರದು ತಿಳಸ್ರಿ. ಮೋಟಾರು ವಾಹನ ಕಾಯ್ದೆ 52ನೇ ಕಲಂ ಗಾಡಿ ಬದಲಾವಣಿ ಬಗ್ಗೆನ ಐತಿ, ಕ್ಲೇಮ್ ಬಂದಾಗ ಮೊದಲ ಅದನ್ನ ತಗೀತಾರ. ಸ್ಟಾಕ್ ಏರ್‌ಬಾಕ್ಸ್, ಸ್ಟಾಕ್ ಟ್ಯೂನ್ ಎರಡೂ ಜೋಪಾನ ಇಡ್ರಿ, ಗಾಡಿ ಮಾರೂಮುಂದ ಬೇಕಾಗ್ತಾವು, ಟ್ಯೂನರ್ ನಿಮ್ಮ ಗಾಡಿಗೆ ಲಾಕ್ ಆಗಿರ್ತೈತಿ, ಸ್ಟಾಕಿಗೆ ತಿರುಗಿಸಿದ ಮ್ಯಾಲನ ಅದು ಬ್ಯಾರೆ ಗಾಡಿಗೆ ಬರೂದು.

ಕುಂದಾನಗರಿ_ವಿ8:

ಹೊಸಾ ಫೈಲ್ ಬಂತು, ಹಾಕಿದ್ವಿ. ಐಡಲ್ ಪ್ಲಸ್ 3, 2500ಕ್ಕ ಪ್ಲಸ್ 2, ಎರಡೂ ಬ್ಯಾಂಕ್ ಅಷ್ಟ. ಲೈಟ್ ಹೋತು, ಕೋಡ್ ಇಲ್ಲ. ಹೀಟ್ ಶೀಲ್ಡಿನ ಪಟ್ಟಿ ಒಂದು ಮೂಲ್ಯಾಗ ಎದ್ದಿತ್ತು, ಅದನ್ನೂ ಕೂಡಿಸೇವಿ. ಬೆಳಗಾವಿ ಕಡಿ ಬಂದ್ರ ಫೋನ್ ಮಾಡ್ರಿ ಸರ್, ಕುಂದಾ ತಿನ್ನದ ನಿಮ್ಮನ್ನ ಕಳಿಸೂದಿಲ್ಲ.