ಪದ ಬೇಕು: ಗಡಿ ದಾಟಿದವರು, ದಾಟದವರು (ಇವತ್ತೇ)

ನಮಸ್ಕಾರ. ಜೂನ್ 20ರ ವಿಶ್ವ ನಿರಾಶ್ರಿತರ ದಿನಕ್ಕೆ ಪೋಸ್ಟರ್ ಕನ್ನಡಿಸುತ್ತಿದ್ದೇನೆ, ಸಂಜೆ ಐದಕ್ಕೆ ಪ್ರೆಸ್ಸಿಗೆ ಕೊಡಬೇಕು. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರ ಕೊನೆಗೆ ಮನೆಮಾರು ಬಿಟ್ಟು ಓಡಿದವರು 12.32 ಕೋಟಿ. ಅವರಲ್ಲಿ 7.35 ಕೋಟಿ ಜನ ಆಗ ಸ್ವಂತ ದೇಶದೊಳಗೇ ಇದ್ದರು. ಸುಡಾನಿನ ರಾಜಧಾನಿ ಖಾರ್ತೂಮ್ ಬಿಟ್ಟು ಅದೇ ದೇಶದ ಪೋರ್ಟ್ ಸುಡಾನ್ ಸೇರಿದವಳು ಒಬ್ಬಳು, ಅಲ್ಲಿನ ಡಾರ್ಫರ್‌ನಿಂದ ಗಡಿ ದಾಟಿ ಪಕ್ಕದ ಚಾಡ್ ದೇಶದ ‘ಆದ್ರೆ’ ಪಟ್ಟಣ ಸೇರಿದವಳು ಇನ್ನೊಬ್ಬಳು. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆ ಕಾಯುವುದು ಎರಡನೆಯವಳನ್ನಷ್ಟೇ. ನನ್ನ ಕರಡಿನಲ್ಲಿ ಇಬ್ಬರೂ ‘ನಿರಾಶ್ರಿತರು’. ಬೇರೆ ಪದ?
– ಸು.

ಮೊದಲು ‘ನಿರಾಶ್ರಿತ’ ಕೈಬಿಡಿ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಭಿಕ್ಷುಕರನ್ನು ಇರಿಸುವ ಜಾಗದ ಹೆಸರೇ ನಿರಾಶ್ರಿತರ ಪರಿಹಾರ ಕೇಂದ್ರ. ಬೈಲಕುಪ್ಪೆಯ ಟಿಬೆಟಿಯನ್ನರು 1960ರ ದಶಕದಿಂದ ಮೆಕ್ಕೆಜೋಳ ಬೆಳೆಯುತ್ತಿದ್ದಾರೆ, ಅವರಿಗೆ ಆಶ್ರಯ ಇಲ್ಲವೇ? ‘ಶರಣಾರ್ಥಿ’ ಎನ್ನಿ.
– ಕೆ.ವಿ.

ಶರಣಾರ್ಥಿ? ನಮ್ಮ ಕಡೆ ಎದುರು ಸಿಕ್ಕವರಿಗೆ ‘ಶರಣು ಶರಣಾರ್ಥಿ’ ಅಂತೀವ್ರೀ. ನಿಮ್ಮ ಪೋಸ್ಟರ್ ನೋಡಿದವರು ಕೈ ಮುಗದು ಮುಂದ ಹೋಗ್ತಾರ. ಹಿಂದಿಯಿಂದ ಎತ್ತಿ ತರೂದು ಸಾಕು. ‘ಗುಳೆ’ ಐತೆಲ್ಲ?
– ಧಾರವಾಡದಿಂದ ಬ.

ಗುಳೆ ಹೋಗುವುದು ಹೊಟ್ಟೆಪಾಡಿಗೆ, ಮಳೆಯಾದರೆ ಊರಿಗೆ ವಾಪಸ್. ಬಾಂಬಿಗೆ ಹೆದರಿ ಓಡಿದ್ದು ಗುಳೆಯಲ್ಲ. ಅಚ್ಚಗನ್ನಡದಲ್ಲೇ ಇದೆ: ಮರೆಹೊಗು, ಅಂದರೆ ರಕ್ಷಣೆ ಕೋರಿ ಬರುವುದು. ‘ಮರೆವೊಕ್ಕರ ಕಾವ’ ಎಂದು ಶಾಸನಗಳಲ್ಲಿ ಬಿರುದೇ ಉಂಟು. ಗಡಿ ದಾಟಿದವರು ಮರೆಹೊಕ್ಕವರು, ದಾಟದವರು ನೆಲೆಗೆಟ್ಟವರು. ಮುಗಿಯಿತು.
– ತಿ.

ಮುಗಿಯಲಿಲ್ಲ ಮೇಷ್ಟ್ರೇ. ‘ಮರೆಹೊಕ್ಕವರು’ ಎಂದರೆ ಈಗಿನ ಹುಡುಗರಿಗೆ ಪೊದೆಯ ಹಿಂದೆ ಹೋದವರು. ಅಂದಹಾಗೆ ‘ಬಾಂಬು’ ಯಾವ ಶಾಸನದಲ್ಲಿದೆ? ಇಂಗ್ಲಿಷು ಗಂಟಲಲ್ಲಿ ಇಳಿಯುತ್ತದೆ, ಸಂಸ್ಕೃತ ಮಾತ್ರ ಸಿಕ್ಕಿಕೊಳ್ಳುತ್ತದೆ!
– ಕೆ.ವಿ.

ಬಾಂಬು ಜನರ ಬಾಯಲ್ಲಿದೆ, ನಿಮ್ಮ ಶರಣಾರ್ಥಿ ದೂರದರ್ಶನದ ಹಿಂದಿ ವಾರ್ತೆಯಲ್ಲಿದೆ. ಕುಶಾಲನಗರದ ಆಟೋದವರು ‘ಕ್ಯಾಂಪ್’ ಎಂದರೆ ಸಾಕು, ಬೈಲಕುಪ್ಪೆಗೆ ಬಿಡುತ್ತಾರೆ. ಅದನ್ನೂ ತಿದ್ದುತ್ತೀರಾ?
– ತಿ.

ಗಂಟೆ ನಾಲ್ಕೂ ನಲವತ್ತು. ‘ದೇಶ ಬಿಟ್ಟ ನಿರಾಶ್ರಿತರು’, ‘ದೇಶದೊಳಗೇ ನೆಲೆಗೆಟ್ಟವರು’ ಎಂದು ಹಾಕಿ ಕಳಿಸಿದೆ. ಕೆ.ವಿ. ಸರ್, ಬೈಬೇಡಿ. ಪೋಸ್ಟರಿನ ಕೆಳಗಿನ ಸಾಲಿನಲ್ಲಿ ನಿರಾಶ್ರಿತರ ಮುಂದಿರುವ ಮೂರು ದಾರಿ ಬರುತ್ತವೆ: ತಾಯ್ನಾಡಿಗೆ ಮರಳುವುದು, ಆಶ್ರಯ ಸಿಕ್ಕಲ್ಲೇ ಬೇರೂರುವುದು, ಮೂರನೆಯ ದೇಶದಲ್ಲಿ ‘ಪುನರ್ವಸತಿ’. ಈ ಕೊನೆಯದನ್ನು ಓದಿ ಸಾಗರದ ಗೆಳತಿ, “ಲಿಂಗನಮಕ್ಕಿ ಡ್ಯಾಮಿನ ಮುಳುಗಡೆಯವರ ಸುದ್ದಿಯಾ?” ಅಂದಳು. ಪ್ರೂಫ್ ನಾಳೆ ಬೆಳಿಗ್ಗೆ ಬರುತ್ತದೆ. ಅಷ್ಟರೊಳಗೆ ಯಾರಾದರೂ?
– ಸು.