ಮೈ ಹರ್ಕ್ಯುಲಿಸನದು, ಅರ್ಥ ಯಾರದೋ

ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ನಾವು ಮೂವರು ಅಡಿಕೆ ಸುಲಿಯುತ್ತ ಕುಳಿತಿದ್ದಾಗ, ಎರಡು ವರ್ಷ ಜಿಮ್ಮಿನಲ್ಲಿ ಬೆವರು ಸುರಿಸಿ ತೋಳನ್ನು ಎಳೆ ಹಲಸಿನಕಾಯಿಯಷ್ಟು ದಪ್ಪ ಮಾಡಿಕೊಂಡಿರುವ ನನ್ನ ಸೋದರಳಿಯನು ತಾನಿನ್ನು ಸಿನಿಮಾ ಸೇರುವುದಾಗಿ ಸಾರಿದನು.

"ಸೇರಲಿ ಬಿಡಿ, ಅಮೆರಿಕದ ದೇಹದಾರ್ಢ್ಯಪಟು ಸ್ಟೀವ್ ರೀವ್ಸ್ ಸೇರಲಿಲ್ಲವೇ?" ಎಂದರು ಮಾಷ್ಟ್ರು. "1947ರಲ್ಲಿ ಮಿಸ್ಟರ್ ಅಮೆರಿಕ, 1950ರಲ್ಲಿ ಮಿಸ್ಟರ್ ಯೂನಿವರ್ಸ್ ಆದ ಆಸಾಮಿ. ಬೈಬಲ್ಲಿನ ಬಲಶಾಲಿ ಸ್ಯಾಮ್ಸನ್ನನ ಪಾತ್ರಕ್ಕೆಂದು ನೋಡಿದ ಹಾಲಿವುಡ್ ನಿರ್ದೇಶಕ ಸೆಸಿಲ್ ಡೆಮಿಲ್ ಮಾತ್ರ ತೂಕ ಇಳಿಸಬೇಕೆಂದುಬಿಟ್ಟ. ಪಾತ್ರ ವಿಕ್ಟರ್ ಮೆಚೂರನ ಪಾಲಾಯಿತು."

"ಬಲಭೀಮನಿಗೆ ಪಥ್ಯವೇ!" ಎಂದು ಭಟ್ಟರು ಉದ್ಗರಿಸಿದರು. ನಲವತ್ತೆಂಟು ಕಿಲೋ ತೂಗುವ ಈ ಭಟ್ಟರು ವೇಷ, ಕುಣಿತವಿಲ್ಲದ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪಂಚೆ ಶಾಲಿನಲ್ಲೇ ಕುಳಿತು ಭೀಮನ ಅರ್ಥ, ಅಂದರೆ ಪಾತ್ರದ ಮಾತು, ಹೇಳಿದರೆ ಎದುರಿನ ದುಶ್ಶಾಸನನು ಎರಡು ಸಲ ನೀರು ಕೇಳುತ್ತಾನೆ ಎಂಬುದನ್ನು ಇಲ್ಲಿ ಹೇಳಲೇಬೇಕು.

"ಕೊನೆಗೆ ಇಟಲಿಯವರು ಕರೆದು ಗಡ್ಡ ಬಿಡಿಸಿ 'ಹರ್ಕ್ಯುಲಿಸ್' ಮಾಡಿದರು. 1958ರ ಆ ಚಿತ್ರ ಮರುವರ್ಷ ಅಮೆರಿಕದಲ್ಲೂ ದುಡ್ಡು ಬಾಚಿತು. ಆಮೇಲೆ ಇಟಲಿಯಲ್ಲಿ ಕಂಬ ಕೀಳುವ, ಸರಪಳಿ ಹರಿಯುವ ಗಟ್ಟಿಗರದ್ದೇ ಸಾಲು."

"ಅದಿರಲಿ, ಮಾಷ್ಟ್ರೇ, ಅರ್ಥ ಹೇಗಿತ್ತು?"

"ಅದನ್ನು ಅವನು ಹೇಳಲೇ ಇಲ್ಲ. ತುಟಿ ಅವನದು, ಧ್ವನಿ ಬೇರೆಯವರದು."

ಭಟ್ಟರ ಕೈಯಲ್ಲಿದ್ದ ಅಡಿಕೆ ಅರ್ಧ ಸಿಪ್ಪೆಯೊಡನೆ ಹಾಗೆಯೇ ನಿಂತಿತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿ, ಮೈಯೇ ಇಲ್ಲದೆ ಮಾತಿನಿಂದಲೇ ಭೀಮನಾಗಿ ಐವತ್ತು ವರ್ಷ ಕಳೆದವರಿಗೆ, ಮಾತೇ ಇಲ್ಲದೆ ಮೈಯಿಂದಲೇ ಹರ್ಕ್ಯುಲಿಸನಾದವನೊಬ್ಬನು ಸಮುದ್ರದಾಚೆ ಇದ್ದನೆಂದರೆ ಅದು ಒಂದು ಬಗೆಯ ಅವಮಾನವೇ ಆಗಿರಬೇಕು.

"ಹಾಗಾದರೆ ಅವನಿಗೆ ಕಷ್ಟವೇನಿತ್ತು?"

"ಕಷ್ಟವಿತ್ತು, ಭಟ್ರೇ. ಪೊಂಪೈ ನಗರದ ಕಡೆಯ ದಿನಗಳ ಚಿತ್ರದಲ್ಲಿ ರಥ ಮರಕ್ಕೆ ಬಡಿದು ಭುಜದ ಕೀಲು ತಪ್ಪಿತು. ಅದೇ ಭುಜದಲ್ಲಿ ನೀರಿನಡಿ ಈಜುವ ದೃಶ್ಯವನ್ನೂ ಮಾಡಿ ನೋವನ್ನು ಇಮ್ಮಡಿಸಿಕೊಂಡ. ಆಮೇಲೂ ಬಗ್ದಾದಿನ ಕಳ್ಳನಾದ, ಸ್ಯಾಂಡೋಕಾನ್ ಎಂಬ ಕಡಲುಗಳ್ಳನಾದ. 1968ರಲ್ಲಿ ಕಡೆಯ ಚಿತ್ರ ಬಂದ ಮೇಲೆ ಕ್ಯಾಲಿಫೋರ್ನಿಯದಲ್ಲಿ ಕುದುರೆ ಸಾಕಿಕೊಂಡಿದ್ದ."

ಮರ, ಭುಜ ಎಂಬ ಮಾತು ಬಂದಾಗ ಅಳಿಯನು ಮೆಲ್ಲನೆ ಸೊಂಟ ಹಿಡಿದುಕೊಂಡನು. ಜಿಮ್ಮಿನಲ್ಲಿ ನೂರು ಕಿಲೋ ಎತ್ತುವ ಈ ಮಹಾಶಯನು ಮೊನ್ನೆ ಒಂದು ಗೋಣಿ ಅಡಿಕೆಯನ್ನು ಅಟ್ಟಕ್ಕೆ ಏರಿಸಲು ಹೋಗಿ ಮೂರನೆಯ ಮೆಟ್ಟಿಲಲ್ಲಿ ಸೊಂಟ ಉಳುಕಿಸಿಕೊಂಡಿದ್ದನು. ಗೋಣಿಯನ್ನು ಏರಿಸಿದವಳು ನನ್ನ ಅತ್ತಿಗೆ, ಅಂದರೆ ಅವನ ಅಮ್ಮ.

ಭಟ್ಟರು ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು, "ಬರುವ ಶನಿವಾರದ ಕೂಟಕ್ಕೆ ಬಾ, ಮಗಾ. ನೀನು ಮುಂದೆ ಎದೆ ಉಬ್ಬಿಸಿ ಕುಳಿತುಕೋ, ನಾನು ನಿನ್ನ ಹಿಂದೆ ಅಡಗಿ ಅರ್ಥ ಹೇಳುತ್ತೇನೆ" ಎಂದರು.

ಅಳಿಯನು ಸ್ವಲ್ಪ ಹೊತ್ತು ಯೋಚಿಸಿ, ಸಂಭಾವನೆ ಯಾರ ಕೈಗೆ ಕೊಡುತ್ತಾರೆಂದು ಕೇಳಿದನು.