ಸೇಡಂ ಅಕ್ಕನ ಮಗಳ ರೊಟ್ಟಿ ವೆಬ್‌ಸೈಟ್ ವಿಚಾರ

ಎಲ್ಲರಿಗೂ ಶರಣು. ತಂಗಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಗಂಜಿನಲ್ಲಿ ಮಾಲು ಇಳಿಯುತ್ತಿತ್ತು, ಈಗ ಪುರುಸೊತ್ತಾಯಿತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾರೋಕೆ ವೆಬ್‌ಸೈಟ್ ಬೇಕು. ಸೈಟ್ ಕಟ್ಟೋ ಸಾಫ್ಟ್‌ವೇರ್ ಯಾವುದು ಅಂದರೆ ಒಬ್ಬರು ವರ್ಡ್‌ಪ್ರೆಸ್ ಅಂತಾರೆ, ಒಬ್ಬರು ವಿಕ್ಸ್ ಅಂತಾರೆ, ಪುಣೆಯ ನಿನ್ನ ಗೆಳತಿ ಶಾಪಿಫೈ ಅಂತಾಳೆ. ಸೂಪರ್ ಮಾರ್ಕೆಟ್ ಹತ್ತಿರದ ಹುಡುಗ ಒಬ್ಬ "35 ಸಾವಿರ ಕೊಡಿ ಅಕ್ಕಾ, ಎಲ್ಲಾ ನಾನೇ ನೋಡ್ಕೋತೀನಿ" ಅಂತಾನೆ. ಯಾವುದು ಆರಿಸಲಿ ಮಾಮಾ, ಭಯ ಆಗ್ತಿದೆ ಅಂತ ಕೇಳಿದ್ದೀಯ. ಭಯ ಪಡು, ತಪ್ಪಿಲ್ಲ. ಆದರೆ ವರ್ಡ್‌ಪ್ರೆಸ್ಸಿಗೆ, ವಿಕ್ಸಿಗೆ ಅಲ್ಲ. "ಎಲ್ಲಾ ನಾನೇ ನೋಡ್ಕೋತೀನಿ" ಅಂದನಲ್ಲ, ಅದಕ್ಕೆ.

ನಮ್ಮ ಬೇಳೆ ಮಿಲ್ಲಿಗೆ ಆಗಿದ್ದು ನಿನಗೆ ಅಷ್ಟು ಗೊತ್ತಿರಲಿಕ್ಕಿಲ್ಲ, ನೀನು ಆಗ ಕಾಲೇಜು. 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತಲ್ಲ, ಅಣ್ಣ ಹೊಸ ಬೋರ್ಡು ಬರೆಸಿದ, ಹೊಸ ಚೀಲ ಛಾಪಿಸಿದ, ಹಾಗೇ ಒಂದು ವೆಬ್‌ಸೈಟೂ ಆಗಲಿ ಅಂದ. ಜೇವರ್ಗಿ ಅಳಿಯ ಒಬ್ಬ ಹುಡುಗನನ್ನು ಕರೆತಂದು "ನಮ್ಮವನೇ" ಅಂದ. ಅವನೂ ಇದೇ ಮಾತು ಆಡಿದ. ಸೈಟ್ ಚೆನ್ನಾಗೇ ಮಾಡಿದ, ಸುಳ್ಳು ಹೇಳಬಾರದು. ಆದರೆ ಆ ಅಡ್ರೆಸ್ಸು, ಡೊಮೇನ್ ಅಂತೀರಲ್ಲ, ಅದನ್ನು ಕೊಂಡಿದ್ದು ಅವನ ಹೆಸರಲ್ಲಿ, ಅವನ ಮೇಲ್ ಕೊಟ್ಟು, ಅವನ ಫೋನ್ ನಂಬರ್ ಕೊಟ್ಟು. ವರ್ಷಾ ವರ್ಷಾ ದುಡ್ಡು ನಮ್ಮದು. ಹೊಲ ಉಳೋದು ನಾವು, ಪಹಣಿ ಅವನ ಹೆಸರಲ್ಲಿ.

ಆಮೇಲೆ ಅವನಿಗೆ ಬೆಂಗಳೂರಲ್ಲಿ ನೌಕರಿ ಆಯಿತು. ನಂಬರ್ ಬದಲಾಯಿತು. ಅವಧಿ ಮುಗಿಯುತ್ತಿದೆ, ರಿನೀವಲ್ ಮಾಡಿ ಅಂತ ಡೊಮೇನ್ ಮಾರಿದ ಕಂಪನಿಯವರು ಕಳಿಸೋ ಮೇಲ್ ಎಲ್ಲಾ ಅವನು ತೆರೆಯದೇ ಬಿಟ್ಟ ಹಳೇ ಮೇಲಿಗೆ ಹೋಗಿ ಬಿದ್ದವು. ಡಾಟ್ ಕಾಮ್ ಅಡ್ರೆಸ್ಸು ಮುಗಿದ ಕೂಡಲೇ ಹೋಗಿಬಿಡೋದಿಲ್ಲ. ಸ್ವಲ್ಪ ದಿನ ಮಾಮೂಲಿ ರೇಟಿಗೇ ಬಿಡಿಸಿಕೊಳ್ಳಬಹುದು, ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಅದೂ ದಾಟಿದರೆ 5 ದಿನ ಬಿಟ್ಟು ಯಾರು ಬೇಕಾದರೂ ಕೊಳ್ಳಬಹುದು. ಇದೆಲ್ಲಾ ನಮಗೆ ತಿಳಿದದ್ದು ಯಾರೋ ಕೊಂಡ ಮೇಲೆ.

ಅದೂ ಯಾವಾಗ? 2019ರಲ್ಲಿ. ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಮಾಲು ಅನ್ನೋ ಸರ್ಕಾರಿ ಗುರುತು ಬಂದು, ಪೇಪರಿನಲ್ಲೆಲ್ಲಾ ನಮ್ಮ ಬೇಳೆದೇ ಸುದ್ದಿ ಇದ್ದಾಗ. ಕೊಲ್ಹಾಪುರದ ವ್ಯಾಪಾರಿ ಫೋನ್ ಮಾಡಿ "ಸಾಹುಕಾರ್ರೇ, ಬೇಳೆ ಬಿಟ್ಟು ರಮ್ಮಿ ಆಡಿಸೋಕೆ ಶುರು ಮಾಡಿದಿರೇನ್ರಿ?" ಅಂತ ಕೇಳಿದರು. ಅಣ್ಣ ಮೊಬೈಲಿನಲ್ಲಿ ತೆಗೆದು ನೋಡಿದರೆ ನಮ್ಮ ಮಿಲ್ಲಿನ ಹೆಸರಿನ ಅಡ್ರೆಸ್ಸಲ್ಲಿ ಇಸ್ಪೀಟ್ ಎಲೆ ಕುಣಿಯುತ್ತಿವೆ! ಆರ್ಡರ್ ಬರುತ್ತಿದ್ದ ಈಮೇಲ್ ಕೂಡ ಅದೇ ಹೆಸರಿನದ್ದು, ಅದೂ ಬಂದ್.

ಗೋದಾಮಿನಲ್ಲಿ ಛಾಪಿಸಿಟ್ಟ ಚೀಲ ಒಟ್ಟಿತ್ತು. ಹಸಿರು ಅಕ್ಷರದಲ್ಲಿ ಆ ಅಡ್ರೆಸ್ಸು. ಬೇಳೆ ಆರಿಸೋ ಹೆಂಗಸರನ್ನು ಕೂರಿಸಿ ಒಂದೊಂದರ ಮೇಲೂ ಬಿಳಿ ಸ್ಟಿಕರ್ ಹಚ್ಚಿಸಿದೆವು. ಪ್ಲಾಸ್ಟಿಕ್ ಚೀಲದ ಮೇಲೆ ಸ್ಟಿಕರ್ ಎಲ್ಲಿ ನಿಲ್ಲುತ್ತದೆ? ಲಾರಿಯಲ್ಲಿ ಚೀಲಕ್ಕೆ ಚೀಲ ತಿಕ್ಕಿ ಮೂಲೆ ಏಳುತ್ತಿತ್ತು. ಸೊಲ್ಲಾಪುರ ಮುಟ್ಟೋದರೊಳಗೆ ಅರ್ಧ ಉದುರಿ ಅದೇ ರಮ್ಮಿ ಅಡ್ರೆಸ್ಸು ಹಲ್ಲು ಕಿರಿಯುತ್ತಿತ್ತು.

ಅದಕ್ಕೇ ಹೇಳೋದು ತಂಗಿ, ಸೈಟ್ ಯಾರು ಬೇಕಾದರೂ ಕಟ್ಟಲಿ. ಡೊಮೇನ್ ಮಾತ್ರ ನಿನ್ನ ಹೆಸರಲ್ಲಿ, ನಿನ್ನ ಈಮೇಲಲ್ಲಿ, ನಿನ್ನ ಕಾರ್ಡಿಂದ ಕೊಳ್ಳಬೇಕು.

ಆ ಚೀಲದ ಲುಕ್ಸಾನು ಯಾರ ತಲೆಗೆ ಬಂತು ಅಂತ ಈ ಗ್ರೂಪಿನಲ್ಲಿ ಯಾರಾದರೂ ಕೇಳಿದ್ದೀರಾ? ಹಿಸ್ಸೆ ಆದಾಗ ಪೂರ್ತಿ ನನ್ನ ಲೆಕ್ಕಕ್ಕೆ ಬರೆದರು. ವೆಬ್‌ಸೈಟ್ ಬೇಕು ಅಂದವನು ಅಣ್ಣ, ಹುಡುಗನನ್ನು ತಂದವನು ಅಳಿಯ, ದುಡ್ಡು ನನ್ನದು! ಅಳಿಯನಂತೂ ಶರಣಬಸವೇಶ್ವರ ಜಾತ್ರೆಯಲ್ಲಿ ಎದುರಿಗೇ ಸಿಕ್ಕರೂ ಬತ್ತಾಸಿನ ಅಂಗಡಿ ಕಡೆ ಮುಖ ತಿರುಗಿಸಿದ. ಅವನ ಮಗನ ತೊಟ್ಟಿಲಿಗೆ ಬೆಳ್ಳಿ ಉಡಿದಾರ ಕೊಟ್ಟವನು ನಾನು. ಜೇವರ್ಗಿಯವರು ಈ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಗುಡ್ ಮಾರ್ನಿಂಗ್ ಹೂವು ಕಳಿಸೋಕೆ ಎಲ್ಲರೂ ಇದ್ದೀರಿ, ಈ ಮಾತು ಎತ್ತಿದರೆ ಒಬ್ಬರೂ ಇಲ್ಲ. ಇರಲಿ ಬಿಡಿ. ನಿಮ್ಮ ಅತ್ತೆ ಇಲ್ಲಿಂದ ಕೈ ಮಾಡುತ್ತಿದ್ದಾಳೆ, ಸಾಕು ಅಂತ.

ಹಾಂ, ನೀನು ಕೇಳಿದ್ದು ಸಾಫ್ಟ್‌ವೇರ್ ಯಾವುದು ಅಂತ, ಅಲ್ವಾ.

ನೋಡು, ವರ್ಡ್‌ಪ್ರೆಸ್ 2003ರಿಂದ ಇದೆ, ಸಾಫ್ಟ್‌ವೇರ್ ಪುಕ್ಕಟೆ. ಅಂಗಡಿ ಬೇಕಾದರೆ ಅದರ ಮೇಲೆ ವೂಕಾಮರ್ಸ್ ಹಾಕುತ್ತಾರೆ. ಹೋಸ್ಟಿಂಗ್, ಅಂದರೆ ಸೈಟ್ ಇಡೋ ಜಾಗ, ಬೇರೆ ಕೊಳ್ಳಬೇಕು. ಆಗಾಗ ಅಪ್‌ಡೇಟ್ ಮಾಡದೇ ಬಿಟ್ಟರೆ ಯಾರಾದರೂ ಒಳಗೆ ನುಗ್ಗುತ್ತಾರೆ. ಆದರೆ ಯಾವಾಗ ಬೇಕಾದರೂ ಗಂಟು ಕಟ್ಟಿಕೊಂಡು ಬೇರೆ ಕಂಪನಿಗೆ ಹೋಗಬಹುದು. ವಿಕ್ಸ್ ಸಲೀಸು, ಮೊಬೈಲಲ್ಲೇ ಫೋಟೋ ಬದಲಾಯಿಸಬಹುದು. ಆದರೆ ಅಲ್ಲಿ ಕಟ್ಟಿದ ಸೈಟನ್ನು ಇಡಿಯಾಗಿ ಎತ್ತಿ ಬೇರೆ ಕಡೆ ಇಡೋಕೆ ಬರಲ್ಲ, ಹೊಸದಾಗೇ ಕಟ್ಟಬೇಕು. ಶಾಪಿಫೈ ಅಂಗಡಿಗೆಂದೇ ಮಾಡಿದ್ದು. ತಿಂಗಳ ಬಾಡಿಗೆ ಇದೆ, ಆನ್‌ಲೈನ್ ದುಡ್ಡು ಬಂದ ಆರ್ಡರಿನ ಮೇಲೆ ಅವರ ಪಾಲು, ಗಿರಾಕಿಯ ದುಡ್ಡು ನಿನ್ನ ಖಾತೆಗೆ ಮುಟ್ಟಿಸೋ ಪೇಮೆಂಟ್ ಗೇಟ್‌ವೇಯವರ ಪಾಲು ಬೇರೆ. ಬಿಟ್ಟು ಹೋಗೋದಾದರೆ ಮಾಲಿನ ಪಟ್ಟಿ, ಗಿರಾಕಿಗಳ ಪಟ್ಟಿ ಇಳಿಸಿಕೊಳ್ಳಬಹುದು. ಯಾವುದಕ್ಕಾದರೂ ಮೊದಲ ವರ್ಷದ ರೇಟು ನೋಡಿ ಮರುಳಾಗಬೇಡ, ಎರಡನೇ ವರ್ಷದ್ದು ಎಷ್ಟು ಅಂತ ಕೇಳು. ಪುಕ್ಕಟೆದೂ ನಂಬಬೇಡ. ಗೂಗಲ್‌ನಲ್ಲಿ ಅಂಗಡಿಯ ವಿವರ ತೋರಿಸೋ ಬಿಸಿನೆಸ್ ಪ್ರೊಫೈಲಿನಲ್ಲಿ ಅಂಗಡಿಯವರು ಪುಕ್ಕಟೆ ಮಾಡಿಕೊಂಡಿದ್ದ ಸೈಟೆಲ್ಲಾ 2024ರ ಮಾರ್ಚಿನಲ್ಲಿ ಬಂದ್ ಆದವು. ಆದರೂ ಡೊಮೇನ್ ಸ್ವಂತದ್ದು ಇದ್ದವರು ಅದನ್ನೇ ಹೊಸ ಸೈಟಿಗೆ ತಿರುಗಿಸಿಕೊಂಡರು. ಅದಕ್ಕೇ ಮತ್ತೆ ಹೇಳ್ತೀನಿ, ಬೇಜಾರಾದರೂ ಕೇಳು: ಡೊಮೇನ್ ನಿನ್ನ ಹೆಸರಲ್ಲೇ ಇರಬೇಕು.

ನಿನ್ನದು ರೊಟ್ಟಿ, ಹಿಂಡಿ, ಒಂದೆರಡು ಚಟ್ನಿಪುಡಿ. ಈಗ ಆರ್ಡರೆಲ್ಲಾ ವಾಟ್ಸಾಪಲ್ಲೇ ಬರುತ್ತವೆ. ಹಾಗಾದರೆ ಮೊದಲು ಡೊಮೇನ್ ಒಂದು ಕೊಂಡಿಡು, ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಹಾಕು. ದೀಪಾವಳಿ ಮುಗಿಯಲಿ. ಪರ ಊರಿನ ಆರ್ಡರ್ ಜಾಸ್ತಿಯಾಗಿ ಕೈಯಲ್ಲಿ ಬರೆದಿಡೋಕೆ ಆಗಲ್ಲ ಅನ್ನಿಸಿದಾಗ ಶಾಪಿಫೈ ಟ್ರಯಲ್ ತಗೊಂಡು, ರೊಟ್ಟಿಯ ರೇಟು ನೀನೇ ಒಂದು ಸಲ ಬದಲಾಯಿಸಿ ನೋಡು. ನಿನ್ನ ಕೈಯಲ್ಲಿ ಆದರೆ ಅದೇ ಇರಲಿ, ಹುಡುಗನೇ ಬೇಡ. ಗೇಟ್‌ವೇಯವರು ಪ್ಯಾನ್, ಬ್ಯಾಂಕ್ ಖಾತೆ ಕೇಳ್ತಾರೆ. ದುಡ್ಡು ವಾಪಸ್ ಮಾಡೋ ನಿಯಮದ ಪುಟ ಸೈಟಲ್ಲಿ ಇದೆಯಾ ಅಂತಲೂ ನೋಡ್ತಾರೆ. ಪೊಟ್ಟಣದ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಲೈಸೆನ್ಸ್) ನಂಬರನ್ನೂ ಸೈಟಲ್ಲಿ ಹಾಕು.

ಆ ಹುಡುಗನಿಗೇ ಕೊಡೋದಾದರೆ ಡೊಮೇನ್ ಯಾರ ಹೆಸರಲ್ಲಿ ಕೊಳ್ತೀಯ ಅಂತ ಬರವಣಿಗೆಯಲ್ಲಿ ಕೇಳು. ಮತ್ತೆ ತಂಗಿ, ಅಡ್ವಾನ್ಸ್ ಅಂತ ಏನಾದರೂ ಕೊಟ್ಟುಬಿಟ್ಟಿದ್ದೀಯಾ? ಅದನ್ನು ನೀನು ಬರೆದೇ ಇಲ್ಲ.